ಒಂದೇ ಗೆರೆಯಲ್ಲಿ ಹಿರಿಯರೂ ಕಿರಿಯರೂ

ಆಟಗಳಲ್ಲಿ ವಯಸ್ಸಿಗೆ ವಯಸ್ಸೇ ಜೊತೆ ಎಂಬುದು ಲೋಕರೂಢಿಯಾಗಿದೆ. ಬಾಲಕರ ಕ್ರಿಕೆಟ್ಟು ಬೇರೆ, ತರುಣರ ಕಬಡ್ಡಿ ಬೇರೆ. ಐವತ್ತು ದಾಟಿದ ಗೃಹಸ್ಥರಿಗಾದರೋ ಬೆಳಗಿನ ನಡಿಗೆಯೊಂದೇ ಗತಿಯೆಂದು ನಾವೆಲ್ಲರೂ ಒಪ್ಪಿಕೊಂಡು ಕುಳಿತಿರುವೆವು. ಮಗನು ಆಡುವ ಮೈದಾನದ ಅಂಚಿನಲ್ಲಿ ತಂದೆಯು ಕೈಚೀಲ ಹಿಡಿದು ನಿಲ್ಲುವನು. ಮಗನು ದೊಡ್ಡವನಾದಂತೆ ಇಬ್ಬರ ನಡುವಣ ಮಾತು ಶಾಲೆಯ ಫೀಸು, ಪರೀಕ್ಷೆಯ ಅಂಕಗಳು, ಇವಿಷ್ಟಕ್ಕೇ ಇಳಿಯುವುದು. ಈ ರೂಢಿಗೆ ಹೊರತಾದ ಆಟವೊಂದುಂಟು. ಅದು ಚಿಕ್ಕ ಹಾಯಿದೋಣಿಗಳ ಪಂದ್ಯವು. ಹದಿನಾಲ್ಕರ ಬಾಲಕಿಯೂ ಐವತ್ತರ ಅಧಿಕಾರಿಯೂ ಒಂದೇ ಗೆರೆಯಿಂದ ಹೊರಟು, ಒಂದೇ ಗಾಳಿಯಲ್ಲಿ, ಒಂದೇ ನಿಯಮಕ್ಕೆ ಒಳಪಟ್ಟು ಸ್ಪರ್ಧಿಸಬಹುದಾದ ಈ ಆಟವು ಕೆರೆಗಳ ಸಾಲನ್ನೇ ಪಡೆದಿರುವ ಬೆಂಗಳೂರಿನ ಉತ್ತರ ಭಾಗಕ್ಕೆ ಎಷ್ಟರಮಟ್ಟಿಗೆ ಒಪ್ಪುವುದೆಂಬುದನ್ನು ವಾಚಕ ಮಹಾಶಯರ ಮುಂದಿಡಬೇಕೆಂಬುದು ನಮ್ಮ ಉದ್ದೇಶವು.

ಈ ಬಗೆಯ ಸಮಾನ ಸ್ಪರ್ಧೆಯು ನಮಗೆ ತೀರ ಹೊಸದೆಂದು ಹೇಳುವಂತಿಲ್ಲ. ಆಷಾಢದ ಗಾಳಿ ಎದ್ದೊಡನೆ ಯಲಹಂಕದಿಂದ ದೊಡ್ಡಬಳ್ಳಾಪುರದವರೆಗಿನ ಬಯಲುಗಳಲ್ಲಿ ಗಾಳಿಪಟಗಳು ಏರುವುದನ್ನು ಎಲ್ಲರೂ ಬಲ್ಲರು. ಅಲ್ಲಿ ಮೀಸೆ ನರೆತವರೂ ಮೀಸೆ ಮೂಡದವರೂ ಕೂಡಿಯೇ ಪಟವನ್ನು ಬಿಡುವರು. ಹುಡುಗನ ಪಟವು ಹಿರಿಯರ ಪಟಕ್ಕಿಂತ ಮೇಲೇರಿದರೆ ಯಾರೂ ಅದನ್ನು ಅವಿನಯವೆಂದು ಬಗೆಯರು. ಗಾಳಿಯನ್ನು ಓದಬಲ್ಲವನಿಗೆ ಅಲ್ಲಿ ಮನ್ನಣೆ. ಹಾಯಿದೋಣಿಯ ಪಂದ್ಯವೂ ಅದೇ ವಿದ್ಯೆಯು. ನೆಲದ ಮೇಲೆ ನಿಂತು ಮಾಡುವುದನ್ನು ನೀರಿನ ಮೇಲೆ ಕುಳಿತು ಮಾಡತಕ್ಕದ್ದು, ಅಷ್ಟೇ ಭೇದ.

ಹಿರಿಯರೂ ಕಿರಿಯರೂ ಕೂಡಿ ಆಡುವುದು ಹೇಗೆ ಸಾಧ್ಯವೆಂದು ಕೆಲವರು ಕೇಳಬಹುದು. ಗಾಳಿಗೆ ನೇರವಾಗಿ ಎದುರು ಮುಖಮಾಡಿ ಯಾವ ಹಾಯಿದೋಣಿಯೂ ಸಾಗಲಾರದು. ಗಾಳಿಯ ದಿಕ್ಕಿಗೆ ಸುಮಾರು ೪೫ ಡಿಗ್ರಿಗಳ ಓರೆಯಲ್ಲಿ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಹೊರಳುತ್ತ, ಘಟ್ಟದ ರಸ್ತೆಯು ಸುತ್ತಿ ಸುತ್ತಿ ಬೆಟ್ಟವನ್ನೇರುವಂತೆ ಮುಂದುವರಿಯಬೇಕು. ಯಾವಾಗ ಹೊರಳಬೇಕು, ನೀರಿನ ಮೇಲೆ ಕಪ್ಪಾಗಿ ಓಡಿಬರುವ ಗಾಳಿಯ ಬೀಸು ಎಲ್ಲಿ ಮುಟ್ಟುವುದು, ಹಾಯಿಯನ್ನು ಎಷ್ಟು ಬಿಗಿಯಬೇಕು, ಎಷ್ಟು ಸಡಿಲಿಸಬೇಕು, ಇವುಗಳ ತೀರ್ಮಾನದಲ್ಲಿಯೇ ಪಂದ್ಯದ ಜಯಾಪಜಯಗಳು ಅಡಗಿವೆ. ತೋಳ್ಬಲವು ಬೇಡವೆಂದಲ್ಲ, ಬಿರುಗಾಳಿಯಲ್ಲಿ ಭಾರವಾದ ದೇಹವು ದೋಣಿಯನ್ನು ನೇರವಾಗಿ ನಿಲ್ಲಿಸುವುದು. ಆದರೆ ಮಂದವಾದ ಗಾಳಿಯಲ್ಲಿ ಆ ಭಾರವೇ ಹೊರೆಯಾಗಿ, ಹಗುರಾದ ಬಾಲಕನು ಮುಂದೆ ಸಾಗುವನು. ಹಿರಿಯನ ಅನುಭವವೂ ಕಿರಿಯನ ಚುರುಕೂ ಹೀಗೆ ಒಂದಕ್ಕೊಂದು ತೂಗುವವು.

ಇನ್ನು ದೋಣಿಗಳ ವಿಚಾರ. ಆಪ್ಟಿಮಿಸ್ಟ್ ಎಂಬ ಮಕ್ಕಳ ದೋಣಿಯನ್ನು ೧೯೪೭ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಕ್ಲಾರ್ಕ್ ಮಿಲ್ಸ್ ಎಂಬವನು ರಚಿಸಿದನು. ಬಡಗಿಯ ಕೆಲಸ ಬಲ್ಲವರು ಪ್ಲೈವುಡ್ಡಿನ ಹಲಗೆಗಳಿಂದ ಸ್ವಲ್ಪ ವೆಚ್ಚದಲ್ಲಿ ಕಟ್ಟಿಕೊಳ್ಳಲೆಂಬುದೇ ಅವನ ಉದ್ದೇಶವಾಗಿತ್ತು. ಅದರ ಉದ್ದ ಸುಮಾರು ೨.೩ ಮೀಟರು, ತೂಕ ೩೫ ಕಿಲೋಗ್ರಾಂ; ಹದಿನೈದು ವರ್ಷದವರೆಗಿನ ಮಕ್ಕಳಿಗೆ ಮಾತ್ರ ಅದರ ಪಂದ್ಯಗಳು ಮೀಸಲು. ೧೯೭೧ರಲ್ಲಿ ಬಳಕೆಗೆ ಬಂದ ಲೇಸರ್ ಎಂಬ ಒಬ್ಬಾಳಿನ ದೋಣಿಯ ಏರ್ಪಾಡು ಇನ್ನೂ ಸ್ವಾರಸ್ಯವಾದುದು. ಈಗ ಇಲ್ಕಾ ಎಂದು ಕರೆಯಲ್ಪಡುವ ಈ ದೋಣಿಯ ಒಡಲು ಎಲ್ಲರಿಗೂ ಒಂದೇ, ೪.೨೩ ಮೀಟರು, ಹಾಯಿ ಮಾತ್ರ ಮೂರು ಅಳತೆಗಳಲ್ಲಿ ದೊರೆಯುವುದು. ಬಾಲಕರಿಗೆ ೪.೭ ಚದರ ಮೀಟರಿನದು, ಪೂರ್ಣವಾಗಿ ಬೆಳೆದ ಗಂಡಸರಿಗೆ ೭ ಚದರ ಮೀಟರಿಗೆ ತುಸು ಮೇಲ್ಪಟ್ಟದ್ದು, ನಡುವಿನವರಿಗೆ ನಡುವಿನ ಅಳತೆಯದು. ಮನೆಯಲ್ಲಿ ಒಂದೇ ದೋಣಿಯಿದ್ದರೆ ತಾಯಿ, ತಂದೆ, ಮಕ್ಕಳು ಎಲ್ಲರೂ ಹಾಯಿ ಬದಲಿಸಿ ಅದನ್ನೇ ನಡೆಯಿಸಬಹುದು. ೧೯೫೬ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರಚಿಸಿದ ಎಂಟರ್‌ಪ್ರೈಸ್ ದೋಣಿಯಲ್ಲಿ ಇಬ್ಬರು ಕುಳ್ಳಿರುವರು. ಚುಕ್ಕಾಣಿಯನ್ನು ಮಗಳು ಹಿಡಿದು, ಮುಂದಿನ ಹಾಯಿಯನ್ನು ತಂದೆಯು ನೋಡಿಕೊಂಡರೆ ಆಕ್ಷೇಪಿಸುವವರಾರು?

ಬೇರೆ ಬೇರೆ ಬಗೆಯ ದೋಣಿಗಳು ಕೂಡಿ ಸ್ಪರ್ಧಿಸುವಾಗ ನ್ಯಾಯವು ದೊರೆಯುವಂತೆ ಇಂಗ್ಲೆಂಡಿನವರು ಪೋರ್ಟ್ಸ್‌ಮತ್ ಅಂಕವೆಂಬ ಲೆಕ್ಕವೊಂದನ್ನು ಮಾಡಿರುವರು. ನಿಧಾನವಾದ ದೋಣಿಗೆ ದೊಡ್ಡ ಅಂಕ, ವೇಗದ ದೋಣಿಗೆ ಚಿಕ್ಕ ಅಂಕ. ಪಂದ್ಯಕ್ಕೆ ಹಿಡಿದ ಕಾಲವನ್ನು ೧೦೦೦ದಿಂದ ಗುಣಿಸಿ ದೋಣಿಯ ಅಂಕದಿಂದ ಭಾಗಿಸತಕ್ಕದ್ದು. ಬಾಲಕನ ದೋಣಿಯ ಅಂಕವು ೧೬೪೦, ಹಿರಿಯನ ದೋಣಿಯ ಅಂಕವು ೧೧೦೦ ಎಂದಿಟ್ಟುಕೊಳ್ಳೋಣ. ಹಿರಿಯನು ೪೪ ನಿಮಿಷಗಳಲ್ಲಿ ಮುಗಿಸಿದರೆ ಅವನ ಲೆಕ್ಕಕ್ಕೆ ೪೦ ನಿಮಿಷಗಳು. ಬಾಲಕನು ೬೨ ನಿಮಿಷಗಳ ತರುವಾಯ ತಲುಪಿದರೂ ಅವನ ಲೆಕ್ಕಕ್ಕೆ ಬರುವುದು ೩೭.೮ ನಿಮಿಷಗಳೇ. ದಡಕ್ಕೆ ಹಿಂದೆ ಬಂದವನು ಪಂದ್ಯದಲ್ಲಿ ಮುಂದಾದನು. ಇದು ದಯೆಯಿಂದ ಕೊಟ್ಟ ರಿಯಾಯಿತಿಯಲ್ಲ, ದೋಣಿಯ ಗುಣವನ್ನು ತೂಗಿ ಮಾಡಿದ ಗಣಿತವು.

ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದಿರುವುದು ಈ ಆಟದ ನಿಯಮಗಳು. ಪಂದ್ಯಾರಂಭಕ್ಕೆ ಐದು ನಿಮಿಷ ಮುಂಚೆ ಮೊದಲನೆಯ ಸೂಚನೆಯ ಧ್ವಜವೇರುವುದು. ಎರಡು ದೋಣಿಗಳು ಎದುರುಬದುರಾಗಿ ಬಂದಾಗ ಗಾಳಿಯನ್ನು ಬಲಮಗ್ಗುಲಿನಿಂದ ಪಡೆಯುತ್ತಿರುವ ದೋಣಿಗೆ, ಎಡಮಗ್ಗುಲಿನಿಂದ ಪಡೆಯುತ್ತಿರುವ ದೋಣಿಯು ದಾರಿ ಬಿಡತಕ್ಕದ್ದು. ಎಡಮಗ್ಗುಲ ಗಾಳಿಯವರು ಜಿಲ್ಲಾಧಿಕಾರಿಗಳೇ ಆಗಲಿ, ಬಲಮಗ್ಗುಲ ಗಾಳಿಯವನು ಅವರ ಕಚೇರಿಯ ಜವಾನನ ಮಗನೇ ಆಗಲಿ, ದಾರಿ ಬಿಡಬೇಕಾದವರು ಅಧಿಕಾರಿಗಳೇ. ಹುಡುಗನು ಗಟ್ಟಿಯಾಗಿ ಕೂಗಿ ಎಚ್ಚರಿಸಿದರೆ ಅದು ಧಾರ್ಷ್ಟ್ಯವಲ್ಲ, ಅವನ ಹಕ್ಕು. ಸಾಮಾನ್ಯ ಪಂದ್ಯಗಳಲ್ಲಿ ಸೀಟಿಯೂದಿ ತಡೆಯುವ ತೀರ್ಪುಗಾರನು ನೀರಿನ ಮೇಲೆ ಇರುವುದಿಲ್ಲ. ದಾರಿ ತಪ್ಪಿ ಅಡ್ಡಬಂದವನು ಪಂದ್ಯದ ನಡುವೆಯೇ ದೋಣಿಯನ್ನು ಎರಡು ಸುತ್ತು ತಿರುಗಿಸಿ, ತನ್ನ ದಂಡವನ್ನು ತಾನೇ ತೆತ್ತು ಮುಂದೆ ಹೋಗತಕ್ಕದ್ದು. ವಾದವಿದ್ದರೆ ದಡಕ್ಕೆ ಬಂದ ಮೇಲೆ ವಿಚಾರಣೆ. ಹಿರಿಯರು ಕಿರಿಯರ ಎದುರಿನಲ್ಲಿ ತಾವಾಗಿಯೇ ದಂಡವನ್ನು ತೆರುವ ದೃಶ್ಯವು ನಮ್ಮ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಎಷ್ಟು ದುರ್ಲಭವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ಪೂರ್ವಿಕರು ಹೇಳಿದ್ದು ನಿಜ. ಆದರೆ ಆ ಮೈತ್ರಿಯನ್ನು ಅಭ್ಯಾಸಮಾಡಲು ಒಂದು ಸ್ಥಳವೂ ಬೇಕಷ್ಟೆ.

ಹೊರದೇಶಗಳಲ್ಲಿ ಇದಕ್ಕೆ ಉಜ್ಜ್ವಲವಾದ ಉದಾಹರಣೆಗಳುಂಟು. ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ೧೯೪೮ರಿಂದ ೧೯೬೦ರವರೆಗಿನ ನಾಲ್ಕು ಒಲಿಂಪಿಕ್ ಕೂಟಗಳಲ್ಲಿ ಸಾಲಾಗಿ ಸುವರ್ಣಪದಕಗಳನ್ನು ಪಡೆದವನು. ಅವನು ೧೯೮೪ರಲ್ಲಿ, ತನ್ನ ೫೬ನೆಯ ವಯಸ್ಸಿನಲ್ಲಿ, ಮಗಳು ಟ್ರೀನಳೊಡನೆ ಒಂದೇ ದೋಣಿಯನ್ನೇರಿ ಒಲಿಂಪಿಕ್ ಪಂದ್ಯದಲ್ಲಿ ನಾಲ್ಕನೆಯ ಸ್ಥಾನವನ್ನು ಗಳಿಸಿದನು. ೨೦೧೬ರ ರಿಯೊ ಕೂಟದಲ್ಲಿ ಅರ್ಜೆಂಟೀನದ ಸಾಂಟಿಯಾಗೊ ಲಾಂಗೆ ೫೪ನೆಯ ವಯಸ್ಸಿನಲ್ಲಿ ಸೆಸಿಲಿಯಾ ಕರಾಂಜಳೊಡನೆ ಸುವರ್ಣಪದಕವನ್ನು ಪಡೆದನು. ಅದಕ್ಕೆ ಹಿಂದಿನ ವರ್ಷವೇ ಅರ್ಬುದರೋಗದ ನಿಮಿತ್ತ ಅವನ ಶ್ವಾಸಕೋಶಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಅದೇ ಕೂಟದ ಬೇರೊಂದು ಪಂದ್ಯದಲ್ಲಿ ಅವನ ಇಬ್ಬರು ಮಕ್ಕಳೂ ಸ್ಪರ್ಧಿಸುತ್ತಿದ್ದರು.

ಸಮುದ್ರವಿಲ್ಲದ ಊರಿಗೆ ಹಾಯಿದೋಣಿಯೇಕೆಂಬ ಪ್ರಶ್ನೆಗೆ ಭೋಪಾಲವು ಉತ್ತರವನ್ನಿತ್ತಿದೆ. ಕಡಲಿನಿಂದ ಬಹುದೂರವಿರುವ ಆ ನಗರದ ದೊಡ್ಡ ಕೆರೆಯ ನೀರಿನಲ್ಲಿ ಕಲಿತ ಹರ್ಷಿತಾ ತೋಮರ್ ಎಂಬ ಹದಿನಾರರ ಬಾಲಕಿಯು ೨೦೧೮ರ ಜಕಾರ್ತಾ ಏಷ್ಯನ್ ಕೂಟದಲ್ಲಿ, ಹುಡುಗ ಹುಡುಗಿಯರಿಗೆ ಒಂದೇ ಆಗಿದ್ದ ಲೇಸರ್ ೪.೭ ಪಂದ್ಯದಲ್ಲಿ ಕಂಚಿನ ಪದಕವನ್ನು ತಂದಳು. ೨೦೨೩ರಲ್ಲಿ ನಡೆದ ಹಾಂಗ್ಝೌ ಕೂಟದಲ್ಲಿ ರೈತನ ಮಗಳಾದ ಹದಿನೇಳರ ನೇಹಾ ಠಾಕೂರ್ ಬೆಳ್ಳಿಯ ಪದಕವನ್ನು ತಂದಳು. ಆಕೆಯೂ ಭೋಪಾಲದ ರಾಷ್ಟ್ರೀಯ ಹಾಯಿದೋಣಿ ಶಾಲೆಯ ವಿದ್ಯಾರ್ಥಿನಿಯೇ. ಹೈದರಾಬಾದಿನವರು ಹುಸೇನ್ ಸಾಗರದಲ್ಲಿ ಮಳೆಗಾಲದ ಗಾಳಿಯನ್ನೇ ನೆಚ್ಚಿ ತರುಣರ ಪಂದ್ಯಗಳನ್ನು ನಡೆಸುತ್ತಿರುವುದಲ್ಲದೆ, ಸರಕಾರಿ ಶಾಲೆಗಳ ಮಕ್ಕಳನ್ನೂ ದೋಣಿಗೇರಿಸಿರುವರು. ಇದು ಸಿರಿವಂತರ ಆಟವೆಂಬ ಮಾತಿಗೆ ಇಷ್ಟು ಸಮಾಧಾನ ಸಾಕು.

ಕರ್ನಾಟಕದಲ್ಲಿಯೂ ಈ ವಿದ್ಯೆಗೆ ನೆಲೆಯಿಲ್ಲವೆಂದಲ್ಲ. ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಸಿರುವ ಮದ್ರಾಸ್ ಇಂಜಿನಿಯರ್ ಗ್ರೂಪಿನವರಿಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ತೃಷ್ಣಾ ಎಂಬ ಹೆಸರಿನ ಹಾಯಿದೋಣಿ ಕೂಟವಿದ್ದು, ಅಲ್ಲಿ ರಾಷ್ಟ್ರಮಟ್ಟದ ಪಂದ್ಯಗಳೂ ಜರುಗಿವೆ. ಆ ಹೆಸರಿಗೊಂದು ಚರಿತ್ರೆಯಿದೆ. ೧೯೮೫ರಿಂದ ೧೯೮೭ರವರೆಗೆ ನಮ್ಮ ಸೇನೆಯ ಇಂಜಿನಿಯರರು ತೃಷ್ಣಾ ಎಂಬ ೩೭ ಅಡಿಯ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆಯನ್ನು ಮಾಡಿ ಬಂದರು. ಹಾಯಿಯ ಬಲದಿಂದ ಭೂಮಂಡಲವನ್ನು ಸುತ್ತಿದ ಭಾರತೀಯರಲ್ಲಿ ಅವರೇ ಮೊದಲಿಗರು. ೧೯೧೧ರಲ್ಲಿ ಕಟ್ಟಲು ತೊಡಗಿದ ಕನ್ನಂಬಾಡಿಯ ಕಟ್ಟೆಯು ಗದ್ದೆಗಳಿಗೆ ನೀರನ್ನೂ ಊರುಗಳಿಗೆ ಬೆಳಕನ್ನೂ ಕೊಟ್ಟಿತು. ಅದರ ಹಿನ್ನೀರು ಈಗ ಹಾಯಿಗಳಿಗೂ ಎಡೆಕೊಟ್ಟಿದೆ.

ಈಗ ನಮ್ಮ ಉತ್ತರ ಬೆಂಗಳೂರಿಗೆ ಬರೋಣ. ಯಲಹಂಕವು ನಾಡಪ್ರಭುಗಳ ಮೂಲಸ್ಥಾನವು. ಅಲ್ಲಿಯ ಕೆರೆಯ ಕೋಡಿಯ ನೀರು ಜಕ್ಕೂರಿಗೂ, ಜಕ್ಕೂರಿನದು ರಾಚೇನಹಳ್ಳಿಗೂ ಹರಿಯುವುದು. ಹೆಬ್ಬಾಳದ ನೀರು ನಾಗವಾರಕ್ಕೆ ಸೇರುವುದು. ೧೮೯೪ರಲ್ಲಿ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಬೆಂಗಳೂರಿನ ಕುಡಿಯುವ ನೀರಿಗೆಂದು ನಿರ್ಮಿಸಿದ ಹೆಸರಘಟ್ಟವು ಇನ್ನೂ ಪಶ್ಚಿಮಕ್ಕಿದೆ. ನೀರಿನ ಹರವಿದೆ, ಆಷಾಢದ ಗಾಳಿಯಿದೆ. ಹಾಗೆಂದು ನಾಳೆಯೇ ಎಲ್ಲ ಕೆರೆಗಳಿಗೂ ದೋಣಿಯನ್ನಿಳಿಸಿರೆಂದು ನಾವು ಹೇಳುವವರಲ್ಲ. ಹೆಬ್ಬಾಳದಲ್ಲಿ ಹೆಜ್ಜಾರ್ಲೆ ಮೊದಲಾದ ಹಕ್ಕಿಗಳು ಆಶ್ರಯ ಪಡೆದಿವೆ. ಯಲಹಂಕದ ಪುಟ್ಟೇನಹಳ್ಳಿಯ ಕೆರೆಯಂತೂ ಹಕ್ಕಿಗಳಿಗೇ ಮೀಸಲು. ಇವುಗಳನ್ನು ಮುಟ್ಟತಕ್ಕದ್ದಲ್ಲ. ಜಕ್ಕೂರಿನಲ್ಲಿ ಬೆಸ್ತರ ಜೀವನವು ಕೆರೆಯನ್ನು ನಂಬಿದೆ. ಅವರ ಬಲೆಗಳಿಗೆ ತೊಡಕಾಗುವ ವಿನೋದವು ವಿನೋದವಲ್ಲ. ಹೆಸರಘಟ್ಟವು ಹಲವು ವರ್ಷ ನೀರಿಲ್ಲದೆ ಬಯಲಾಗಿ ಬಿದ್ದಿತ್ತೆಂಬುದನ್ನೂ ಮರೆಯಲಾಗದು.

ಎಲ್ಲಕ್ಕಿಂತ ದೊಡ್ಡ ಅಡ್ಡಿಯು ಮಲಿನತೆ. ಮಗುಚಿಕೊಂಡ ದೋಣಿಯನ್ನು ನೀರಿಗೆ ಬಿದ್ದವನೇ ಎತ್ತಿ ನಿಲ್ಲಿಸಬೇಕೆಂಬುದು ಈ ಆಟದ ಮೊದಲನೆಯ ಪಾಠ. ಬಚ್ಚಲ ನೀರು ಬಂದು ಸೇರುವ ಕೆರೆಯಲ್ಲಿ ಯಾವ ತಾಯಿಯು ತನ್ನ ಮಗುವನ್ನು ಬೀಳಗೊಡುವಳು? ಜಕ್ಕೂರಿನಲ್ಲಿ ಕೊಳಚೆನೀರನ್ನು ಶುದ್ಧೀಕರಿಸಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡಾಗಿರುವುದು ಶ್ಲಾಘ್ಯವಾದುದು. ಆದರೆ ಕೆರೆಯ ಶುದ್ಧಿಗೆ ಅತ್ಯಂತ ಖಂಡಿತವಾದ ಅಳತೆಗೋಲು ಯಾವುದೆಂದು ಕೇಳಿದರೆ, ಮಗುವೊಂದು ಅದರಲ್ಲಿ ನಿರ್ಭಯವಾಗಿ ಬೀಳಬಹುದೆ ಎಂಬುದೇ ನಮ್ಮ ಉತ್ತರ. ಸುತ್ತಲೂ ಬೇಲಿ ಹಾಕಿ ದಡದಲ್ಲಿ ನಡೆಯುವ ದಾರಿಯನ್ನು ಕಟ್ಟಿದ ಮಾತ್ರಕ್ಕೆ ಕೆರೆಯು ಉಳಿಯುವುದಿಲ್ಲ. ನೀರನ್ನು ಮುಟ್ಟುವ ಜನರಿದ್ದರೆ ನೀರಿನ ದುರ್ಗಂಧವನ್ನು ಸಹಿಸದ ಜನರೂ ಇರುವರು.

ಆದುದರಿಂದ ಅಧಿಕಾರಿವರ್ಗದವರಿಗೂ ಪೌರರಿಗೂ ನಮ್ಮ ಸೂಚನೆಗಳು ಇಷ್ಟೇ. ಆಳ, ಶುದ್ಧಿ, ಹಕ್ಕಿಗಳ ನೆಲೆ, ಬೆಸ್ತರ ಹಕ್ಕು ಇವೆಲ್ಲವನ್ನೂ ಪರೀಕ್ಷಿಸಿ, ಉತ್ತರ ಭಾಗದಲ್ಲಿ ತಕ್ಕುದಾದ ಒಂದೇ ಒಂದು ಕೆರೆಯನ್ನು ಆರಿಸಲಿ. ವಲಸೆಯ ಹಕ್ಕಿಗಳು ಚಳಿಗಾಲಕ್ಕೆ ಬರುವವು, ಬಲವಾದ ಗಾಳಿಯು ಜೂನಿನಿಂದ ಆಗಸ್ಟಿನವರೆಗೆ ಬೀಸುವುದು. ಆ ಮೂರು ತಿಂಗಳಿಗೆ ಮಾತ್ರ, ನಡುಗಡ್ಡೆಗಳಿಂದ ದೂರವಾಗಿ, ಅನುಮತಿಯಿರಲಿ. ಅಂಥ ಕೆರೆಯು ಸಿದ್ಧವಾಗುವತನಕ ಆಸಕ್ತರನ್ನು ಕೃಷ್ಣರಾಜಸಾಗರದ ಹಿನ್ನೀರಿಗೆ ಕರೆದೊಯ್ದು ಕಲಿಸಬಹುದು. ಈಜು ಬಾರದವರನ್ನು ದೋಣಿಗೆ ಸೇರಿಸತಕ್ಕದ್ದಲ್ಲ. ಹಿರಿಯರಾಗಲಿ ಕಿರಿಯರಾಗಲಿ ತೇಲುವ ಅಂಗಿಯಿಲ್ಲದೆ ದಡ ಬಿಡತಕ್ಕದ್ದಲ್ಲ. ರಕ್ಷಣೆಯ ದೋಣಿಯೊಂದು ಸದಾ ನೀರಿನ ಮೇಲಿರತಕ್ಕದ್ದು. ದೋಣಿಗಳಲ್ಲಿ ಅರ್ಧಪಾಲಾದರೂ ಸರಕಾರಿ ಶಾಲೆಗಳ ಮಕ್ಕಳಿಗೆ ಸಲ್ಲಲಿ. ಕಲಿಯುವ ದೋಣಿಗಳನ್ನು ನಮ್ಮ ಬಡಗಿಗಳಿಂದಲೇ ಕಟ್ಟಿಸಬಹುದು.

ಕೊನೆಯದಾಗಿ ಒಂದು ಮಾತು. ಇಂಥ ಪಂದ್ಯಗಳಿಗೆ ನಿಜವಾದ ಪ್ರತಿಬಂಧವು ಹಣವೂ ಅಲ್ಲ, ನೀರಿನ ಭಯವೂ ಅಲ್ಲ. ಹುಡುಗರ ಕೈಯಲ್ಲಿ ಸೋಲುವುದೆಂತೆಂಬ ಹಿರಿಯರ ಸಂಕೋಚವು. ಆ ಸಂಕೋಚವುಳ್ಳವರು ದಡದಲ್ಲಿಯೇ ಉಳಿಯುವರು, ಅವರ ಮಕ್ಕಳೂ ಅವರೊಡನೆ ಉಳಿಯುವರು. ಗಾಳಿ ಬಂದಾಗ ತೂರಿಕೋ ಎಂಬುದು ರೈತನ ನುಡಿ. ಮುಂಗಾರಿನ ಗಾಳಿಯು ಪ್ರತಿವರ್ಷವೂ ತಪ್ಪದೆ ನಮ್ಮ ಕೆರೆಗಳ ಮೇಲೆ ಬೀಸಿ ಹೋಗುತ್ತಿದೆ. ಅದನ್ನು ಹಾಯಿಗೆ ಹಿಡಿಯಲು ತಂದೆಮಕ್ಕಳು ಕೂಡಿ ನೀರಿಗಿಳಿಯಬಹುದಾದಂಥ ಒಂದು ಕೆರೆಯನ್ನು ಈ ನಗರಕ್ಕೆ ಮಾಡಿಕೊಡುವುದು ಅಧಿಕಾರಿಗಳ ಹೊಣೆ. ಇಳಿಯುವುದು ಪೌರರ ಹೊಣೆ.