ಉಪಪ್ರಶ್ನೆ

ವಿಧಾನಸಭೆಯ ಕಲಾಪವನ್ನು ಗ್ಯಾಲರಿಯಲ್ಲಿ ಕುಳಿತು ನೋಡಿದವರಿಗೆ ಪ್ರಶ್ನೋತ್ತರದ ವೇಳೆಯ ರೀತಿನೀತಿ ಗೊತ್ತು. ಸಭಾಧ್ಯಕ್ಷರು ಸದಸ್ಯರ ಹೆಸರು ಕರೆಯುತ್ತಾರೆ. ಸದಸ್ಯರು ಎದ್ದು ತಮ್ಮ ಚುಕ್ಕೆ ಗುರುತಿನ ಪ್ರಶ್ನೆಯ ಸಂಖ್ಯೆಯನ್ನು ಹೇಳುತ್ತಾರೆ. ಉತ್ತರವನ್ನು ಒದಗಿಸಲಾಗಿದೆ ಎಂದು ಮಂತ್ರಿಗಳು ತಿಳಿಸುತ್ತಾರೆ. ಇಷ್ಟರವರೆಗಿನದೆಲ್ಲ ಕಚೇರಿಯ ಕೆಲಸ. ಯಾವನೋ ಗುಮಾಸ್ತೆ ಬರೆದದ್ದು, ಯಾವನೋ ಅಧಿಕಾರಿ ತಿದ್ದಿದ್ದು. ನಿಜವಾದ ವ್ಯವಹಾರ ಆರಂಭವಾಗುವುದು ಸದಸ್ಯರು ಎರಡನೆಯ ಸಲ ಎದ್ದು ನಿಂತಾಗ. ಈ ಎರಡನೆಯದಕ್ಕೆ ಉಪಪ್ರಶ್ನೆಯೆಂದು ಹೆಸರು. ಹೆಸರಿನಲ್ಲಿ ‘ಉಪ’ ಎಂದಿದ್ದರೂ ಮುಖ್ಯವಾದದ್ದು ಅದೇ ಎಂಬುದು ನನ್ನ ಅಭಿಪ್ರಾಯ. ಅದನ್ನು ಕೇಳಬೇಕಾದರೆ ಸದಸ್ಯರು ಸದನದಲ್ಲಿ ಹಾಜರಿರಬೇಕು, ಕೊಟ್ಟ ಉತ್ತರವನ್ನು ಓದಿರಬೇಕು, ಉತ್ತರದಲ್ಲಿ ಏನನ್ನು ಬಿಟ್ಟಿದ್ದಾರೆಂಬುದು ತಿಳಿದಿರಬೇಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆ ನನಗೆ ಬಹುಕಾಲದಿಂದ ಪರಿಚಿತ. 2007ರವರೆಗೆ ಇವೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಸರ್ಕಾರವನ್ನು ಪ್ರಶ್ನಿಸುವ ಹಕ್ಕಿನ ಚರಿತ್ರೆಯಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ಒಂದು ವಿಶೇಷ ಸ್ಥಾನವುಂಟು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ದಸರೆಯ ಸಮಯದಲ್ಲಿ ಸೇರಿದ ಮೊದಲ ಸಭೆಯಲ್ಲಿ 144 ಮಂದಿ ರಯತರೂ ವರ್ತಕರೂ ಇದ್ದರು. ದಿವಾನರು ವರ್ಷದ ಆಡಳಿತದ ವರದಿಯನ್ನು ಓದುವರು. ಪ್ರತಿನಿಧಿಗಳು ತಮ್ಮ ಅಹವಾಲುಗಳನ್ನು ಅರಿಕೆ ಮಾಡಿಕೊಳ್ಳುವರು. ಅರಿಕೆ ಮಾಡಿಕೊಳ್ಳುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ಇರುವ ಅಂತರ ದೊಡ್ಡದು. ಅದನ್ನು ಸ್ವಲ್ಪ ಕಡಿಮೆಮಾಡಿದವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರು. ಅವರು ದಿವಾನರಾಗಿದ್ದ 1912–18ರ ಅವಧಿಯಲ್ಲಿ ನ್ಯಾಯವಿಧಾಯಕ ಸಭೆ ವಿಸ್ತಾರವಾಯಿತು; ಆಯವ್ಯಯವನ್ನು ಚರ್ಚಿಸುವ ಅವಕಾಶ ಸದಸ್ಯರಿಗೆ ಸಿಕ್ಕಿತು. ಅಣೆಕಟ್ಟು, ಕಾರ್ಖಾನೆಗಳ ಹೆಸರಿನಲ್ಲಿ ಅವರನ್ನು ನೆನೆಯುವ ನಾವು ಇದನ್ನು ನೆನೆಯುವುದು ಅಪರೂಪ.

ಆದರೂ ದಿವಾನರು ಉತ್ತರವಾದಿಯಾಗಿದ್ದುದು ಮಹಾರಾಜರಿಗೇ ಹೊರತು ಸಭೆಗಲ್ಲ. ಇದರ ಅರ್ಥವೇನೆಂಬುದು ಗೌರಿಬಿದನೂರಿಗೆ ಐದಾರು ಕಿಲೋಮೀಟರು ದೂರದ ವಿದುರಾಶ್ವತ್ಥದಲ್ಲಿ ಕಂಡುಬಂತು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಕಾವು ಉತ್ತರ ಪಿನಾಕಿನಿಯ ದಡದ ಈ ಕ್ಷೇತ್ರಕ್ಕೂ ತಲುಪಿತು. ಜಾತ್ರೆಯ ಕಾಲ, ಸುತ್ತಣ ಹಳ್ಳಿಗಳ ಜನ ನೆರೆದಿದ್ದರು. ನಿಷೇಧಾಜ್ಞೆಯಿದ್ದರೂ ಏಪ್ರಿಲ್ 25ರಂದು ಸಭೆ ಸೇರಿತು. ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು? ಸರ್ಕಾರದ ಲೆಕ್ಕ ಹತ್ತರ ಆಸುಪಾಸಿನಲ್ಲಿ ನಿಂತಿತು. ಜನರ ಲೆಕ್ಕ ಮೂವತ್ತನ್ನು ದಾಟಿತು. ಹೆಣಗಳ ಎಣಿಕೆಯಲ್ಲಿಯೇ ಇಷ್ಟು ಅಂತರವಿರುವಾಗ ಸಭೆಯೊಂದು ಕೇಳಬಹುದಾದ ಪ್ರಶ್ನೆಗಳನ್ನು ಓದುಗರೇ ಊಹಿಸಬಲ್ಲರು. ಗುಂಡು ಹಾರಿಸಲು ಆಜ್ಞೆ ಕೊಟ್ಟವರು ಯಾರು? ಅದಕ್ಕೆ ಮುಂಚೆ ಎಚ್ಚರಿಕೆ ಕೊಟ್ಟರೇ? ಗಾಯಗೊಂಡವರನ್ನು ಎಲ್ಲಿಗೆ ಒಯ್ದರು, ಎಷ್ಟು ಹೊತ್ತಿನ ಮೇಲೆ?

ಆಗ ಸಂಸ್ಥಾನದಲ್ಲಿ ಒಂದಲ್ಲ, ಎರಡು ಸಭೆಗಳಿದ್ದವು. ಆದರೇನು? ಉತ್ತರ ತೃಪ್ತಿಕರವಲ್ಲವೆಂದು ದಿವಾನರನ್ನು ಪೀಠದಿಂದ ಇಳಿಸುವ ಶಕ್ತಿ ಅವುಗಳಿಗಿರಲಿಲ್ಲ. ಸುದ್ದಿ ಗಾಂಧೀಜಿಯವರನ್ನು ತಲುಪಿತು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದವಾಗಿ ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣ ಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು. ಗುಂಡೇಟಿನ ವಿಚಾರಣೆಗೆ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಸರ್ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ವಿಚಾರಣೆ ನಡೆಯಿತೆಂಬುದು ನಿಜ. ಆದರೆ ಅದು ಸರ್ಕಾರ ತಾನಾಗಿ ಕೊಟ್ಟ ಉತ್ತರ. ಅದರ ಮೇಲೆ ಎದ್ದು ನಿಂತು ಮಂತ್ರಿಯನ್ನು ಹಿಡಿದು ಕೇಳುವುದಕ್ಕೆ ಮಂತ್ರಿಯೆಂಬವನು ಜನರಿಂದ ಬಂದವನಾಗಿರಲಿಲ್ಲ. ಆ ಸ್ಥಿತಿ ಬದಲಾಗಲು 1947ರ ಅಕ್ಟೋಬರ್ ಬರಬೇಕಾಯಿತು. ಆಗ ಜವಾಬ್ದಾರಿ ಸರ್ಕಾರದ ಮೊದಲ ಮುಖ್ಯಮಂತ್ರಿಯಾದ ಕೆ. ಸಿ. ರೆಡ್ಡಿಯವರೂ ಕೋಲಾರ ಜಿಲ್ಲೆಯವರೇ, ಕ್ಯಾಸಂಬಳ್ಳಿಯವರು.

ಹೀಗೆ ದೊರೆತ ಹಕ್ಕು ಇಂದು ಯಾವುದಕ್ಕೆ ಬೇಕೆಂದು ಕೇಳಿದರೆ ಈ ಸೀಮೆಯವರು ಒಂದೇ ಮಾತಿನಲ್ಲಿ ಹೇಳುವರು: ನೀರಿಗೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಇವುಗಳ ಮೂಲವೆಲ್ಲ ನಂದಿಬೆಟ್ಟದ ಸುತ್ತಮುತ್ತ. ಐದು ನದಿಗಳ ತವರಿನಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿ ಈಗ ಯಾರಿಗೂ ಸೋಜಿಗವಲ್ಲ. ಆ ಆಳದಿಂದ ಬರುವ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡು.

ಇದಕ್ಕೆ ಪರಿಹಾರವೆಂದು ಬಂದದ್ದು ಎತ್ತಿನಹೊಳೆ ಯೋಜನೆ. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಪೂರ್ವಕ್ಕೆ ತರುವುದು ಅದರ ಉದ್ದೇಶ. 2012ರಲ್ಲಿ ಮಂಜೂರಾದಾಗ ಅಂದಾಜು ವೆಚ್ಚ ಸುಮಾರು 8,323 ಕೋಟಿ ರೂಪಾಯಿ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿಯೇ ಶಂಕುಸ್ಥಾಪನೆಯಾಗುವ ಹೊತ್ತಿಗೆ ಅದು 12,912 ಕೋಟಿಯಾಗಿತ್ತು. 2023ರಲ್ಲಿ 23,251 ಕೋಟಿಯಾಯಿತು. ಎತ್ತುವ ನೀರು 24.01 ಟಿ.ಎಂ.ಸಿ. ಎಂದು ಯೋಜನೆ ಹೇಳಿತು. ಅಷ್ಟು ನೀರು ಅಲ್ಲಿಲ್ಲ, ಸಿಗುವುದು 9.55 ಟಿ.ಎಂ.ಸಿ. ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಅಧ್ಯಯನ ಹೇಳಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ದೊರೆತದ್ದು ಸಕಲೇಶಪುರದ ಕಡೆಯಲ್ಲಿ.

ಯೋಜನೆ ಬೇಡವೆನ್ನುವ ಗುಂಪಿಗೆ ನಾನು ಸೇರಿದವನಲ್ಲ. ಬಾಯಾರಿದವನಿಗೆ ನೀರಿನ ಮೂಲದ ವಿಚಾರದಲ್ಲಿ ಉಪದೇಶ ಮಾಡುವುದು ಸುಲಭ. ಆದರೆ ‘ಯೋಜನೆ ಯಾವಾಗ ಪೂರ್ಣವಾಗುವುದು?’ ಎಂಬ ಪ್ರಶ್ನೆಗೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಉತ್ತರ ಯಾವಾಗಲೂ ಸಿದ್ಧವಾಗಿರುತ್ತದೆ. 24.01 ಮತ್ತು 9.55 ಇವುಗಳ ನಡುವಣ ಅಂತರವನ್ನು ಸರ್ಕಾರ ಯಾವ ಅಳತೆಯಿಂದ ತುಂಬುತ್ತದೆ, ನೀರು ಕಡಿಮೆಯಾದ ವರ್ಷ ಮೊದಲು ಬಿಡುವುದು ಯಾವ ತಾಲ್ಲೂಕಿನ ಪಾಲನ್ನು ಎಂಬುದು ಉಪಪ್ರಶ್ನೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಿಮಾಡಿ ಈ ಜಿಲ್ಲೆಯ ಕೆರೆಗಳಿಗೆ ತುಂಬುವ ವಿಷಯವೂ ಹೀಗೆಯೇ. ಕೆರೆ ತುಂಬಿತೇ ಎಂದು ಕೇಳಿದರೆ ಹೌದೆನ್ನುವರು. ಮೂರನೆಯ ಹಂತದ ಶುದ್ಧಿ ಏಕಿಲ್ಲ, ಕೆರೆಯ ಪಕ್ಕದ ಬಾವಿಯ ನೀರನ್ನು ಪರೀಕ್ಷಿಸಿದವರು ಯಾರು, ಫಲಿತಾಂಶ ಎಲ್ಲಿದೆ ಎಂದು ಎರಡನೆಯ ಸಲ ಏಳಬೇಕು.

ಎಲ್ಲವೂ ಶಾಸಕರ ಕೈಯಲ್ಲಿಲ್ಲವೆಂಬುದನ್ನೂ ಹೇಳಬೇಕು. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಪೆಟ್ಟು ಬಿದ್ದದ್ದು ಶಿಡ್ಲಘಟ್ಟದಂಥ ಊರಿನ ಗೂಡಿನ ಮಾರುಕಟ್ಟೆಗೆ. ಸುಂಕ ದೆಹಲಿಯದು, ನಮ್ಮ ಶಾಸಕರು ಕೇಳಬಹುದಾದದ್ದು ರಾಜ್ಯ ಸರ್ಕಾರ ದೆಹಲಿಗೆ ಏನೆಂದು ಬರೆಯಿತು ಎಂಬಷ್ಟೆ. ಅಷ್ಟನ್ನಾದರೂ ಕೇಳಬೇಕು.

ಕೇಳಲು ಪುರುಸೊತ್ತೆಲ್ಲಿದೆ? ಬೆಳಗಾದರೆ ಶಾಸಕರ ಮನೆಯ ಮುಂದೆ ವರ್ಗಾವಣೆಯವರು, ಕೊಳವೆಬಾವಿಯವರು, ಆಸ್ಪತ್ರೆಯ ಚೀಟಿಯವರು, ಮದುವೆಯ ಕರೆಯೋಲೆಯವರು. ಮದುವೆಗೆ ಬಾರದ ಶಾಸಕನನ್ನು ನಾವು ಐದು ವರ್ಷ ನೆನಪಿಡುತ್ತೇವೆ. ಸದನಕ್ಕೆ ಹೋಗದವನನ್ನು ಕೇಳಿದವರನ್ನು ನಾನು ಕಂಡಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ಕರ್ನಾಟಕವೇ ಕಾನೂನು ಮಾಡಿಕೊಂಡಿತು. ಬಹುತೇಕ ವರ್ಷಗಳಲ್ಲಿ ಅಷ್ಟು ದಿನ ಸೇರಲಿಲ್ಲ. ಕಾನೂನು ಮಾಡುವ ಮನೆಯೇ ತನ್ನ ಕಾನೂನನ್ನು ಮರೆತರೆ ದಂಡ ಹಾಕುವವರು ಯಾರೂ ಇಲ್ಲ.

ಇನ್ನು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ತಿರುಗಿಬಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತೀರ್ಪನ್ನು ವಿಮರ್ಶಿಸುವುದು ಶಾಸನಸಭೆಯ ಕೆಲಸವಲ್ಲ. ಆದರೆ ಸಾಕ್ಷಿ ಹೇಳಬೇಕಾದವರು ಊರಿನಲ್ಲಿ ಯಾರ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕಾಗಿತ್ತು, ಅವರ ರಕ್ಷಣೆಗೆ ಸರ್ಕಾರ ಏನು ಮಾಡಿತು ಎಂಬುದು ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೂ ಸದನದಲ್ಲಿ ಕೇಳಬಹುದಾದ ಮಾತು. ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಗಳ ಪ್ರಕಾರ ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ರಾಜ್ಯಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯೊಂದಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಶಾಸಕರು ಅದರ ಸದಸ್ಯರು. ಅದು ವರ್ಷಕ್ಕೆರಡು ಸಲ, ಜನವರಿಯಲ್ಲಿ ಮತ್ತು ಜುಲೈಯಲ್ಲಿ, ಸೇರಬೇಕು. ಸೇರಿತೇ ಎಂಬುದು ಚುಕ್ಕೆ ಗುರುತಿನ ಪ್ರಶ್ನೆ. ಅದಕ್ಕೆ ದಿನಾಂಕಗಳ ಪಟ್ಟಿ ಬರುತ್ತದೆ. ಆ ದಿನಾಂಕಗಳಲ್ಲಿ ಯಾವ ಮೊಕದ್ದಮೆಗಳ ಕಡತ ತೆರೆದಿರಿ, ಸಾಕ್ಷಿಗಳು ತಿರುಗಿಬಿದ್ದ ಪ್ರಕರಣಗಳೆಷ್ಟು, ಆ ಕುಟುಂಬಗಳು ಈಗ ಎಲ್ಲಿವೆ ಎಂದು ಕೇಳುವ ಸದಸ್ಯರು ಮತ್ತೊಮ್ಮೆ ಏಳಬೇಕಾಗುತ್ತದೆ.