ಊರು ಹೇಳಿ, ಇಲ್ಲಾ ದಿನ ಹೇಳಿ. ಎರಡನ್ನೂ ಕೇಳಬೇಡಿ: ಗೆಳೆಯರ ಜೊತೆ ಅಲಾಸ್ಕಾಗೆ ಯಾಟ್ ಪಯಣ



ಅಮೆರಿಕದ ಸಿಯಾಟಲ್, ಕೆನಡಾದ ವ್ಯಾಂಕೂವರ್. ಈ ಎರಡು ಊರುಗಳಲ್ಲಿ ಸಾಕಷ್ಟು ಕನ್ನಡಿಗರಿದ್ದಾರೆ. ಅವರ ಮನೆ ಬಾಗಿಲಲ್ಲೇ ಒಂದು ಕಡಲದಾರಿ ಶುರುವಾಗುತ್ತೆ. ಹೆಸರು ಇನ್‌ಸೈಡ್ ಪ್ಯಾಸೇಜ್, ಅಂದ್ರೆ ಒಳದಾರಿ. ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್‌ನಿಂದ ಹೊರಟು, ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿ ದಾಟಿ, ಅಲಾಸ್ಕಾದ ಸ್ಕ್ಯಾಗ್‌ವೇ ತನಕ ಸುಮಾರು 1600 ಕಿಲೋಮೀಟರ್. ದೊಡ್ಡ ಕ್ರೂಸ್ ಹಡಗುಗಳು ಹೋಗುವ ದಾರಿಯೂ ಇದೇ. ಆದರೆ ಪ್ರತಿ ಬೇಸಿಗೆಯಲ್ಲೂ ನಾಲ್ಕೈದು ಜನ ಗೆಳೆಯರು ಸೇರಿಕೊಂಡು, ಸ್ವಂತದ್ದೋ ಬಾಡಿಗೆಯದ್ದೋ ಮೋಟಾರ್ ಯಾಟ್ ಹತ್ತಿ, ತಾವೇ ಚುಕ್ಕಾಣಿ ಹಿಡಿದು ಹೋಗುವುದೂ ಉಂಟು.

ಇಂಥ ಪಯಣ ಹೇಗೆ ನಡೆಯುತ್ತೆ, ಎಲ್ಲಿ ಎಡವಟ್ಟಾಗುತ್ತೆ ಅನ್ನೋದು ಇವತ್ತಿನ ವಿಷಯ. ಈ ಕಡಲಲ್ಲಿ ಓಡಾಡುವವರ ನಡುವೆ ಒಂದು ಮಾತು ಚಾಲ್ತಿಯಲ್ಲಿದೆ. ನಡುದಾರಿಯಲ್ಲಿ ದೋಣಿ ಹತ್ತಲು ಬರುವ ಗೆಳೆಯರಿಗೆ ಅವರು ಹೇಳೋದು ಇಷ್ಟೇ: ಊರು ಕೇಳು, ಇಲ್ಲಾ ದಿನ ಕೇಳು, ಎರಡನ್ನೂ ಕೇಳಬೇಡ. ತಮಾಷೆಯ ಮಾತಿನ ಹಾಗೆ ಕಾಣುತ್ತೆ. ಆದರೆ ಈ ದಾರಿಯ ಸುರಕ್ಷತೆಯ ಪಾಠ ಪೂರ್ತಿ ಅದರೊಳಗಿದೆ. ಯಾಕೆ ಅಂತ ನೋಡೋಣ.

ಒಳದಾರಿ ಅಂದ್ರೆ ಏನು?

ನಕಾಶೆ ತೆಗೆದು ನೋಡಿ. ತೀರದ ಉದ್ದಕ್ಕೂ ಸಾವಿರಾರು ದ್ವೀಪಗಳಿವೆ. ದಕ್ಷಿಣದಲ್ಲಿ ವ್ಯಾಂಕೂವರ್ ದ್ವೀಪ, ನಡುವೆ ಹೈಡಾ ಗ್ವಾಯ್, ಉತ್ತರದಲ್ಲಿ ಸುಮಾರು 1100 ದ್ವೀಪಗಳ ಅಲೆಕ್ಸಾಂಡರ್ ದ್ವೀಪಸಮೂಹ. ಈ ದ್ವೀಪಗಳು ಪೆಸಿಫಿಕ್ ಸಾಗರದ ದೊಡ್ಡ ಅಲೆಗಳಿಗೆ ಗೋಡೆಯಂತೆ ಅಡ್ಡ ನಿಂತಿವೆ. ಅವುಗಳ ಮತ್ತು ಭೂಖಂಡದ ನಡುವಿನ ನೀರೇ ಒಳದಾರಿ. ಎರಡೂ ಕಡೆ ದಟ್ಟ ಕಾಡಿನ ಬೆಟ್ಟ, ಮೇಲಿಂದ ಇಳಿಯುವ ಜಲಪಾತ, ಆಗಾಗ ತಿಮಿಂಗಿಲ. ಗ್ರೆನ್‌ವಿಲ್ ಚಾನೆಲ್ ಎಂಬ ಒಂದು ಭಾಗ ಸುಮಾರು 70 ಕಿ.ಮೀ. ಉದ್ದ. ಕೆಲವೆಡೆ ಅದರ ಅಗಲ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಕಡಲಲ್ಲಿದ್ದೀವೋ, ಕಣಿವೆಯ ನದಿಯಲ್ಲಿದ್ದೀವೋ ಅಂತ ಗೊತ್ತಾಗಲ್ಲ.

ಸಾಗರಕ್ಕೆ ನೇರವಾಗಿ ತೆರೆದುಕೊಂಡ ಜಾಗಗಳೂ ಇವೆ. ಮುಖ್ಯವಾದವು ಎರಡು: ಕೇಪ್ ಕಾಷನ್ ಬಳಿಯ ಕ್ವೀನ್ ಷಾರ್ಲಟ್ ಸೌಂಡ್, ಮತ್ತು ಕೆನಡಾ–ಅಲಾಸ್ಕಾ ಗಡಿಯ ಡಿಕ್ಸನ್ ಎಂಟ್ರೆನ್ಸ್. ಅಲ್ಲಿ ಗೋಡೆ ಇಲ್ಲ. ಸಾಗರದ ಅಲೆ ನೇರವಾಗಿ ದೋಣಿಗೆ ಬಂದು ಬಡಿಯುತ್ತೆ.

ವೇಗ ಇಂಜಿನ್‌ದಲ್ಲ, ನೀರಿನದ್ದು

ಈ ದಾರಿಯಲ್ಲಿ ಹೆಚ್ಚಾಗಿ ಕಾಣುವುದು ಟ್ರಾಲರ್ ಮಾದರಿಯ ಯಾಟ್. 12–13 ಮೀಟರ್ ಉದ್ದ, ಡೀಸೆಲ್ ಇಂಜಿನ್, ಏಳೆಂಟು ನಾಟ್ ವೇಗ. ಒಂದು ನಾಟ್ ಅಂದ್ರೆ ಗಂಟೆಗೆ 1.85 ಕಿ.ಮೀ. ಹಾಗಾಗಿ ಎಂಟು ನಾಟ್ ಅಂದ್ರೆ ಗಂಟೆಗೆ ಸುಮಾರು 15 ಕಿ.ಮೀ., ಸೈಕಲ್ ಸವಾರನ ವೇಗ ಅಷ್ಟೇ.

ಇನ್ನೂ ಸ್ವಲ್ಪ ಜೋರಾಗಿ ಹೋಗಬಾರದಾ ಅಂತ ಕೇಳಬಹುದು. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ವೇಗ ಹೆಚ್ಚಿದಷ್ಟೂ ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನದಷ್ಟು ಏರುತ್ತೆ. ಏಳರಿಂದ ಎಂಟು ನಾಟ್‌ಗೆ ಹೋದರೆ ವೇಗ ಏಳನೇ ಒಂದು ಪಾಲು ಹೆಚ್ಚಾಯ್ತು. ಗಂಟೆಗೆ ಸುಡುವ ಡೀಸೆಲ್ ಹತ್ತಿರತ್ತಿರ ಒಂದೂವರೆ ಪಟ್ಟು ಆಯ್ತು. ಆತುರಕ್ಕೆ ಇಲ್ಲಿ ಬೆಲೆ ಜಾಸ್ತಿ.

ಈಗ ಉಬ್ಬರ–ಇಳಿತದ ವಿಷಯ. ನಮ್ಮ ಮಂಗಳೂರಿನಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಒಂದೂವರೆ ಮೀಟರ್ ಆಸುಪಾಸು. ಬ್ರಿಟಿಷ್ ಕೊಲಂಬಿಯಾದ ಉತ್ತರದಲ್ಲಿ, ಅಲಾಸ್ಕಾದ ದಕ್ಷಿಣದಲ್ಲಿ ಅದು ಆರೇಳು ಮೀಟರ್ ಮುಟ್ಟುತ್ತೆ. ಅಷ್ಟು ನೀರು ಸುಮಾರು ಆರು ಗಂಟೆಯಲ್ಲಿ ಒಳಗೆ ಬರಬೇಕು, ಮತ್ತಾರು ಗಂಟೆಯಲ್ಲಿ ಹೊರಗೆ ಹೋಗಬೇಕು. ದ್ವೀಪಗಳ ನಡುವಿನ ಸಂದಿ ಕಿರಿದು. ಅಣೆಕಟ್ಟಿನ ಗೇಟ್ ತೆರೆದ ಹಾಗೆ ನೀರು ನುಗ್ಗುತ್ತೆ.

ಇದರಲ್ಲಿ ಅತಿ ಪ್ರಸಿದ್ಧವಾದದ್ದು ವ್ಯಾಂಕೂವರ್ ದ್ವೀಪದ ಕ್ಯಾಂಪ್‌ಬೆಲ್ ರಿವರ್ ಊರಿನ ಹತ್ತಿರ ಇರುವ ಸೀಮೋರ್ ನ್ಯಾರೋಸ್. ಅಲ್ಲಿ ನೀರಿನ ಸೆಳೆತ 15 ನಾಟ್ ತನಕ ಹೋಗುತ್ತೆ. ನಿಮ್ಮ ದೋಣಿಯ ವೇಗ ಎಂಟು. ಲೆಕ್ಕ ನೀವೇ ಹಾಕಿ: ಇಂಜಿನ್ ಪೂರ್ತಿ ಓಡುತ್ತಿದ್ದರೂ ನೀವು ಹಿಂದಕ್ಕೆ ಹೋಗುತ್ತೀರಿ, ಅದೂ ಸುಳಿಗಳ ಮಧ್ಯೆ.

ಈ ಸಂದಿಯ ನಡುವೆ ಹಿಂದೆ ರಿಪಲ್ ರಾಕ್ ಎಂಬ ಬಂಡೆ ಇತ್ತು. ನೀರಿನ ಮೇಲ್ಮೈಗೆ ಸ್ವಲ್ಪವೇ ಕೆಳಗೆ ಅದರ ಎರಡು ತುದಿಗಳಿದ್ದವು. ಅದಕ್ಕೆ ಬಡಿದು, ಅದರ ಸುಳಿಗೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ಸತ್ತರು. ಮೇಲಿಂದ ಕೊರೆಯಲು ಸೆಳೆತ ಬಿಡಲಿಲ್ಲ. ಕೊನೆಗೆ ಪಕ್ಕದ ದ್ವೀಪದಿಂದ ಸಮುದ್ರದ ತಳದ ಕೆಳಗೆ ಸುರಂಗ ತೋಡಿ, ಬಂಡೆಯ ಒಳಕ್ಕೆ ಹತ್ತಿ, 1200 ಟನ್‌ಗೂ ಹೆಚ್ಚು ಸ್ಫೋಟಕ ತುಂಬಿದರು. 1958ರ ಏಪ್ರಿಲ್ 5ರಂದು ಅದನ್ನು ಸಿಡಿಸಿದರು. ಕೆನಡಾದ ಟಿವಿಯಲ್ಲಿ ಅದು ನೇರಪ್ರಸಾರವಾಯಿತು. ಬಂಡೆ ಹೋಯಿತು, ಸೆಳೆತ ಹೋಗಲಿಲ್ಲ.

ಹಾಗಾದರೆ ದಾಟೋದು ಹೇಗೆ? ಕಾಯಬೇಕು. ಉಬ್ಬರ ಮುಗಿದು ಇಳಿತ ಶುರುವಾಗುವ ಮುಂಚೆ, ಅಥವಾ ಇಳಿತ ಮುಗಿದು ಉಬ್ಬರ ಶುರುವಾಗುವ ಮುಂಚೆ, ನೀರು ಕೆಲವು ನಿಮಿಷ ಸುಮ್ಮನಾಗುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಲ್ಯಾಕ್ ಅಂತಾರೆ. ಪ್ರತಿದಿನದ ಸ್ಲ್ಯಾಕ್ ಸಮಯವನ್ನು ಸರ್ಕಾರ ಮೊದಲೇ ಲೆಕ್ಕಹಾಕಿ ಪ್ರಕಟಿಸುತ್ತೆ. ಆ ಹೊತ್ತಿಗೆ ಸಂದಿಯ ಬಾಯಲ್ಲಿರಬೇಕು. ತಪ್ಪಿಸಿಕೊಂಡರೆ ಮುಂದಿನದ್ದಕ್ಕೆ ಆರು ಗಂಟೆ. ಆಗ ಕತ್ತಲಾಗಿದ್ದರೆ ಮರುದಿನ ಬೆಳಗ್ಗೆ.

ಸಹಾಯ ಮಾಡುವ ನೀರೇ ಶತ್ರುವಾದಾಗ

ಸೀಮೋರ್ ದಾಟಿದ ಮೇಲೆ ಜಾನ್‌ಸ್ಟೋನ್ ಜಲಸಂಧಿ. ಉತ್ತರಕ್ಕೆ ಹೋಗುವವರಿಗೆ ಇಲ್ಲಿ ಇಳಿತದ ನೀರು ಬೆನ್ನು ತಟ್ಟುತ್ತೆ, ಯಾಕೆಂದರೆ ಇಳಿತ ಪಶ್ಚಿಮಕ್ಕೆ, ಸಾಗರದ ಕಡೆಗೆ ಹರಿಯುತ್ತೆ. ಆದರೆ ಬೇಸಿಗೆಯ ಮಧ್ಯಾಹ್ನ ಇಲ್ಲಿ ವಾಯವ್ಯದಿಂದ ಗಾಳಿ ಜೋರಾಗಿ ಬೀಸುತ್ತೆ. ನೀರು ಆ ಕಡೆ, ಗಾಳಿ ಈ ಕಡೆ. ಎರಡೂ ಎದುರುಬದುರಾದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೊಂದು ಏಳುತ್ತವೆ. ಗಂಗೊಳ್ಳಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೊರಗಿನ ಅಲೆ ಎದುರಾದರೆ ನೀರು ಹೇಗೆ ಕುದಿಯುತ್ತೆ ಅಂತ ನಮ್ಮ ಮೀನುಗಾರರಿಗೆ ಚೆನ್ನಾಗಿ ಗೊತ್ತು. ಅದೇ ಲೆಕ್ಕ ಇಲ್ಲಿ ಕಿಲೋಮೀಟರ್‌ಗಟ್ಟಲೆ ನಡೆಯುತ್ತೆ.

ಪರಿಹಾರ ಸರಳ: ಬೆಳಕು ಹರಿಯುತ್ತಲೇ ಹೊರಡುವುದು, ಗಾಳಿ ಏಳುವ ಮುಂಚೆ ಲಂಗರು ಹಾಕುವುದು. ತಡವಾಗಿ ಎದ್ದ ದಿನ ಹೊರಡದೇ ಇರುವುದು. ಕೊನೆಯದ್ದೇ ಕಷ್ಟ.

ಕ್ವೀನ್ ಷಾರ್ಲಟ್ ಸೌಂಡ್‌ಗೂ ಇದೇ ಮಾತು. ದಾಟಲು ಬೇಕಾಗೋದು ಒಂದು ದಿನದ ಪಯಣ. ಆ ದಿನ ಯಾವುದು ಅಂತ ನಿರ್ಧರಿಸುವುದು ರೇಡಿಯೊದಲ್ಲಿ ಬರುವ ಹವಾಮಾನ ವರದಿ, ದೀಪಸ್ತಂಭಗಳಿಂದ ಬರುವ ಅಲೆಯ ಮಾಹಿತಿ. ಪೋರ್ಟ್ ಹಾರ್ಡಿಯಂಥ ಊರಿನಲ್ಲಿ ಎರಡು ದಿನ, ಮೂರು ದಿನ ಕಾದು ಕೂರುವುದು ಇಲ್ಲಿ ಮಾಮೂಲು.

ಆಗಸ್ಟ್‌ನಲ್ಲಿ ಮಂಜು ಕವಿಯುತ್ತೆ. ಫಾಗ್ ಅಂದ್ರೆ ಮಂಜು, ಅದಕ್ಕೇ ಅಲ್ಲಿನವರು ಆ ತಿಂಗಳನ್ನು ತಮಾಷೆಗೆ ಫಾಗಸ್ಟ್ ಅಂತಾರೆ. ಜೊತೆಗೆ ನೀರಿನಲ್ಲಿ ತೇಲುವ ಮರದ ದಿಮ್ಮಿಗಳು. ಕೆಲವು ನೀರು ಕುಡಿದು ಭಾರವಾಗಿ, ಲಂಬವಾಗಿ ನಿಂತು, ತುದಿ ಮಾತ್ರ ಕಾಣುವಂತೆ ತೇಲುತ್ತವೆ. ಬಡಿದರೆ ಪ್ರೊಪೆಲ್ಲರ್ ಹೋಯಿತು. ರಾತ್ರಿ ಪಯಣ ಬೇಡ ಅನ್ನೋದು ಇದಕ್ಕೇ.

ಲಂಗರಿನ ಲೆಕ್ಕ

ಸಂಜೆ ಒಂದು ಸಣ್ಣ ಕೊಲ್ಲಿಗೆ ಹೋದಿರಿ. ಇಳಿತದ ಹೊತ್ತು, ಆಳ ಐದು ಮೀಟರ್. ಆಳದ ಐದು ಪಟ್ಟು ಸರಪಳಿ ಬಿಡಬೇಕು ಅಂತ 25 ಮೀಟರ್ ಬಿಟ್ಟಿರಿ. ರಾತ್ರಿ ನೀರು ಆರು ಮೀಟರ್ ಏರಿತು. ಈಗ ಆಳ 11 ಮೀಟರ್. ನಿಮ್ಮ ಸರಪಳಿ ಆಳದ ಎರಡು ಪಟ್ಟು ಚಿಲ್ಲರೆ. ಸರಪಳಿ ಲಂಗರನ್ನು ಮೇಲಕ್ಕೆ ಎಳೆಯುತ್ತೆ, ಅದು ಕಿತ್ತು ಬರುತ್ತೆ. ನಿಜಕ್ಕೂ ಬೇಕಿದ್ದದ್ದು 55 ಮೀಟರ್. ಉಲ್ಟಾ ಲೆಕ್ಕವೂ ಇದೆ. ಉಬ್ಬರದಲ್ಲಿ ಏಳು ಮೀಟರ್ ಆಳ ನೋಡಿ ನಿಂತರೆ ಬೆಳಗಿನ ಜಾವ ಒಂದು ಮೀಟರ್ ಉಳಿಯುತ್ತೆ. ದೋಣಿಯ ತಳಕ್ಕೆ ಒಂದೂವರೆ ಮೀಟರ್ ಬೇಕಿದ್ದರೆ ನೀವು ನೆಲದ ಮೇಲೆ ಕೂತಿರುತ್ತೀರಿ.

ಗೆಳೆಯರು ಮತ್ತು ಕ್ಯಾಲೆಂಡರ್

ಇಷ್ಟೂ ಹೇಳಿದ್ದು ಯಾಕೆ? ಪ್ರತಿಯೊಂದು ಅಪಾಯಕ್ಕೂ ಮದ್ದು ಒಂದೇ: ಕಾಯುವುದು. ಕಾಯೋದಕ್ಕೆ ಬಿಡದೇ ಇರುವುದು ಒಂದೇ: ಕ್ಯಾಲೆಂಡರ್.

ಗೆಳೆಯರ ಗುಂಪಿನಲ್ಲಿ ಇದು ಹೇಗೆ ಕೆಲಸ ಮಾಡುತ್ತೆ ನೋಡಿ. ಒಬ್ಬನಿಗೆ ಸೋಮವಾರ ಆಫೀಸ್ ಇದೆ. ಇನ್ನೊಬ್ಬಳು ಕೆಚಿಕನ್‌ನಿಂದ ವಿಮಾನದ ಟಿಕೆಟ್ ಮಾಡಿಸಿಯಾಗಿದೆ. ಯಾರೂ ಬಾಯಿಬಿಟ್ಟು ಒತ್ತಾಯ ಮಾಡಲ್ಲ. ಆದರೆ ದೋಣಿಯ ಯಜಮಾನನಿಗೆ ಗೊತ್ತು, ನಾಳೆ ದಾಟದಿದ್ದರೆ ನಾಲ್ಕು ಜನರ ಪ್ಲಾನ್ ಕೆಡುತ್ತೆ. ಸಂಕೋಚ ಅನ್ನೋದು ಇಂಥ ಕಡೆ ಗಾಳಿಗಿಂತ ಅಪಾಯ. ವರದಿ ಅರೆಬರೆ ಇದ್ದರೂ ‘ಹೋಗೋಣ ಬಿಡು’ ಅನ್ನಿಸುತ್ತೆ.

ಪ್ರಸಿದ್ಧ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ ಇನ್ನೊಂದು ಉದಾಹರಣೆ. 1794ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಅವರ ತಂಡ ಅಲ್ಲಿಗೆ ಬಂದಾಗ ಕೊಲ್ಲಿಯ ಬಹುಪಾಲು ಹಿಮವೇ ತುಂಬಿತ್ತು. ಈಗ ಹಿಮ ಸುಮಾರು 100 ಕಿ.ಮೀ. ಹಿಂದೆ ಸರಿದು ನೀರು ತೆರೆದುಕೊಂಡಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ದಿನಕ್ಕೆ 25 ಖಾಸಗಿ ದೋಣಿಗಳಿಗೆ ಮಾತ್ರ ಪ್ರವೇಶ, ಅನುಮತಿ ಪತ್ರ ಮೊದಲೇ ಪಡೆಯಬೇಕು. ಅಂದ್ರೆ ಮತ್ತೆ ದಿನಾಂಕ! ಅನುಭವಿಗಳು ಒಂದು ವಾರ ಮೊದಲೇ ಜೂನೋ ಅಥವಾ ಹೂನಾ ತಲುಪಿ ಅಲ್ಲೇ ಸುತ್ತಾಡಿಕೊಂಡಿರುತ್ತಾರೆ. ದಿನಾಂಕದ ಹಿಂದೆ ಓಡಲ್ಲ, ದಿನಾಂಕ ಬರಲಿ ಅಂತ ಕಾಯುತ್ತಾರೆ.

ಹಾಗಾಗಿ ಹೊರಡುವ ಮುಂಚೆ, ದಡದಲ್ಲೇ ಕೂತು, ಗೆಳೆಯರು ಒಪ್ಪಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ.

ಒಂದು, ಬಿಡುವಿನ ದಿನ. 1600 ಕಿ.ಮೀ. ಎಂಟು ನಾಟ್‌ನಲ್ಲಿ ಸುಮಾರು 110 ಗಂಟೆಯ ಪಯಣ. ದಿನಕ್ಕೆ ಐದಾರು ಗಂಟೆಯಂತೆ ಇಪ್ಪತ್ತು ದಿನ. ಅದಕ್ಕೆ ಕಾಯುವ ದಿನ ಸೇರಿಸಿ ಒಂದು ತಿಂಗಳು, ಬರೀ ಹೋಗುವುದಕ್ಕೆ. ಅಷ್ಟು ರಜೆ ಇಲ್ಲದಿದ್ದರೆ ದಾರಿಯನ್ನು ಚಿಕ್ಕದು ಮಾಡಿ, ದಿನವನ್ನಲ್ಲ.

ಎರಡು, ಬದಲಿಸಬಹುದಾದ ಟಿಕೆಟ್. ಪೋರ್ಟ್ ಹಾರ್ಡಿ, ಪ್ರಿನ್ಸ್ ರೂಪರ್ಟ್, ಕೆಚಿಕನ್, ಜೂನೋದಲ್ಲಿ ವಿಮಾನ ಇದೆ. ದಿನ ಗಟ್ಟಿ ಇದ್ದವರು ದೋಣಿ ಎಲ್ಲಿದೆಯೋ ಅಲ್ಲಿಗೆ ಬರಲಿ.

ಮೂರು, ‘ಬೇಡ’ ಅನ್ನುವ ಹಕ್ಕು. ಹೋಗೋಣ ಅನ್ನೋದಕ್ಕೆ ಎಲ್ಲರೂ ಒಪ್ಪಬೇಕು. ಬೇಡ ಅನ್ನೋದಕ್ಕೆ ಒಬ್ಬರು ಸಾಕು. ಆಮೇಲೆ ಅವರನ್ನು ಅಣಕಿಸಬಾರದು.

ನಾಲ್ಕು, ಕಾವಲು. 2006ರ ಮಾರ್ಚ್ 22ರ ನಡುರಾತ್ರಿ ಇದೇ ದಾರಿಯಲ್ಲಿ ಕ್ವೀನ್ ಆಫ್ ದ ನಾರ್ತ್ ಎಂಬ ದೊಡ್ಡ ಫೆರ್ರಿ ಹಡಗು ತಿರುಗಬೇಕಾದ ಕಡೆ ತಿರುಗದೆ ಗಿಲ್ ದ್ವೀಪಕ್ಕೆ ಬಡಿದು ಮುಳುಗಿತು. ರೇಡಾರ್ ಇತ್ತು, ತರಬೇತಾದ ಸಿಬ್ಬಂದಿ ಇದ್ದರು. ಹತ್ತಿರದ ಹಾರ್ಟ್ಲಿ ಬೇ ಹಳ್ಳಿಯ ಜನ ಕತ್ತಲಲ್ಲೇ ಸ್ವಂತ ದೋಣಿ ತೆಗೆದುಕೊಂಡು ಬಂದು ನೆರವಾದರು. 101 ಜನರಲ್ಲಿ 99 ಮಂದಿ ಉಳಿದರು, ಇಬ್ಬರು ಸಿಗಲಿಲ್ಲ. ಪರದೆ ಇದೆ ಅಂತ ಕಣ್ಣು ತೆಗೆಯುವಂತಿಲ್ಲ. ಹರಟೆ ಹೊಡೆಯುವವರು ಹೊಡೆಯಲಿ, ಪಾಳಿಯಲ್ಲಿರುವವರು ಮಾತ್ರ ಮುಂದೆ ನೋಡಬೇಕು.

ಐದು, ಲೈಫ್ ಜಾಕೆಟ್. ಈ ನೀರು ಬೇಸಿಗೆಯಲ್ಲೂ ಕೊರೆಯುತ್ತೆ. ತಣ್ಣೀರಿಗೆ ಬಿದ್ದವರ ಬಗ್ಗೆ ಕೆನಡಾದಲ್ಲಿ ಕಲಿಸುವ ಸೂತ್ರ 1–10–1. ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು ಒಂದು ಗಂಟೆ. ಈಜು ಬರುತ್ತೆ ಅನ್ನೋದು ಹತ್ತು ನಿಮಿಷದ ಮಾತು. ಜಾಕೆಟ್ ಮೈಮೇಲಿದ್ದರೆ ಮಾತ್ರ ಆ ಒಂದು ಗಂಟೆ ನಿಮ್ಮದು.

ಕೊನೆಯದಾಗಿ ಕಾಗದಪತ್ರ. ಸಿಯಾಟಲ್‌ನಿಂದ ಹೊರಟರೆ ಕೆನಡಾ ಪ್ರವೇಶಿಸುವಾಗ ಒಮ್ಮೆ, ಕೆಚಿಕನ್‌ನಲ್ಲಿ ಮತ್ತೆ ಅಮೆರಿಕ ಪ್ರವೇಶಿಸುವಾಗ ಒಮ್ಮೆ ಅಧಿಕಾರಿಗಳಿಗೆ ವರದಿ ಮಾಡಬೇಕು. ಕೆಲಸದ ವೀಸಾದಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಪ್ರತ್ಯೇಕವಾಗಿ ಬೇಕು. ದೋಣಿಯಲ್ಲಿ ಹೋಗ್ತಿದ್ದೀವಿ ಅಂತ ವಿನಾಯಿತಿ ಇಲ್ಲ.

ತಾಳಿದವನು ಬಾಳಿಯಾನು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಒಳದಾರಿಯಲ್ಲಿ ಅದು ಬರೀ ಗಾದೆಯಲ್ಲ, ದಿನದ ವೇಳಾಪಟ್ಟಿ. ಮಳೆ ಸುರಿಯುವ ಒಂದು ಕೊಲ್ಲಿಯಲ್ಲಿ ಎರಡು ದಿನ ಲಂಗರು ಹಾಕಿಕೊಂಡು ಕೂತು, ಬಿಸಿಬಿಸಿ ಅಡುಗೆ ಮಾಡಿ, ಇಸ್ಪೀಟು ಆಡಿ, ಹವಾಮಾನ ವರದಿಗೆ ಕಿವಿಕೊಡುವುದಕ್ಕೆ ಒಪ್ಪುವ ಗೆಳೆಯರು ಸಿಕ್ಕರೆ ಹೊರಡಿ. ಸಿಗದಿದ್ದರೆ ಕ್ರೂಸ್ ಹಡಗಿನ ಟಿಕೆಟ್ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ.