ಗುಹೆಯೊಳಗೊಂದು ಕಾಡು

ವಿಯೆಟ್ನಾಂ ದೇಶದ ನಡುಭಾಗದಲ್ಲಿ, ಲಾವೋಸಿನ ಗಡಿಗೆ ತಾಗಿದಂತೆ, ಮಳೆಕಾಡನ್ನು ಹೊದ್ದ ಸುಣ್ಣಕಲ್ಲಿನ ಬೆಟ್ಟಗಳ ಸಾಲು ಹಬ್ಬಿದೆ. ಫೋಂಗ್ ನ್ಯಾ-ಕೆ ಬಾಂಗ್ ರಾಷ್ಟ್ರೀಯ ಉದ್ಯಾನವಿರುವುದು ಇಲ್ಲಿಯೇ. 2003ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಈ ಬೆಟ್ಟಗಳ ಒಡಲಿನಲ್ಲಿ ನೂರಾರು ಗುಹೆಗಳುಂಟು.

ಇಷ್ಟೊಂದು ಗುಹೆಗಳನ್ನು ಕೊರೆದ ಶಿಲ್ಪಿ ಯಾರು? ನೀರು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲಗುಣವನ್ನು ಪಡೆಯುತ್ತದೆ. ಅದು ಬಂಡೆಯ ಬಿರುಕುಗಳಲ್ಲಿ ಇಳಿದು ಸುಣ್ಣಕಲ್ಲನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಲಕ್ಷಾಂತರ ವರ್ಷಗಳು ಉರುಳಿದಂತೆ ಕೂದಲೆಳೆಯ ಬಿರುಕು ನದಿಯೇ ಹರಿಯುವಷ್ಟು ದೊಡ್ಡ ಸುರಂಗವಾಗುತ್ತದೆ. ಅದೇ ನೀರು ಗುಹೆಯ ಛಾವಣಿಯಿಂದ ತೊಟ್ಟಿಕ್ಕುವಾಗ, ತಾನು ಕರಗಿಸಿ ತಂದ ಸುಣ್ಣವನ್ನು ಕಣಕಣವಾಗಿ ಬಿಟ್ಟು ಕಲ್ಲಿನ ಕಂಬಗಳನ್ನು ಕಟ್ಟುತ್ತದೆ.

ಇಲ್ಲಿನ ಗುಹೆಗಳಲ್ಲೆಲ್ಲ ಹಿರಿದಾದುದು ಸೋನ್ ಡೂಂಗ್. 1990ರ ಸುಮಾರಿಗೆ, ಕಾಡಿನ ಉತ್ಪನ್ನಗಳನ್ನರಸಿ ಅಲೆಯುತ್ತಿದ್ದ ಹೋ ಖಾನ್ ಎಂಬ ಸ್ಥಳೀಯರು, ಬೆಟ್ಟದ ಬಾಯಿಯೊಂದರಿಂದ ಮಂಜು ಬೆರೆತ ಗಾಳಿ ಭೋರೆಂದು ಹೊರಬರುವುದನ್ನು ಕಂಡರು. ಮುಂದೆ 2009ರಲ್ಲಿ ಅವರೇ ದಾರಿ ತೋರಿಸಲು, ಬ್ರಿಟಿಷ್ ಗುಹಾಶೋಧಕರು ಒಳಹೊಕ್ಕು ಅಳತೆ ಮಾಡಿದರು. ಗುಹೆಯ ಉದ್ದ 5 ಕಿಲೋಮೀಟರಿಗೂ ಮಿಗಿಲು; ಕೆಲವೆಡೆ ಎತ್ತರ ಸುಮಾರು 200 ಮೀಟರ್. ಎರಡು ಕಡೆಗಳಲ್ಲಿ ಛಾವಣಿ ಕುಸಿದು ಬಿಸಿಲು ಒಳಗಿಳಿದಿದೆ. ಅಲ್ಲಿ ಗುಹೆಯೊಳಗೇ ಕಾಡು ಬೆಳೆದು ನಿಂತಿದೆ!

ಇಂಥ ಸೋಜಿಗವನ್ನು ಕಾಣುವ ಆಸೆ ಯಾರಿಗಿಲ್ಲ? ಆದರೆ ಆ ಆಸೆಯೇ ಗುಹೆಗೆ ಕುತ್ತಾಗಬಹುದು. ಕೈ ಸೋಕಿದರೆ ಚರ್ಮದ ಜಿಡ್ಡು ಕಲ್ಲಿಗಂಟಿ, ಸುಣ್ಣವು ಅಲ್ಲಿ ಕೂಡದಂತಾಗುತ್ತದೆ. ಕಂಬದ ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ 2013ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದಾಗ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಲಾಯಿತು. ವರ್ಷಕ್ಕೆ ಸುಮಾರು ಒಂದು ಸಾವಿರ ಮಂದಿಗೆ ಮಾತ್ರ ಪ್ರವೇಶ. ಅವರೂ ಚಿಕ್ಕ ಚಿಕ್ಕ ತಂಡಗಳಲ್ಲಿ, ಮಾರ್ಗದರ್ಶಿಗಳೊಡನೆ, ಕಾಲ್ನಡಿಗೆಯಲ್ಲಿಯೇ ಸಾಗಬೇಕು. 2014ರಲ್ಲಿ ತಂತಿಯ ಮೇಲೆ ತೂಗುವ ಬಂಡಿಗಳಲ್ಲಿ ಸಾವಿರಾರು ಜನರನ್ನು ಕರೆದೊಯ್ಯುವ ಯೋಜನೆಯೊಂದು ಹೊರಟಿತು. ಹಣ ಹರಿದುಬರುವುದೆಂದು ಕೆಲವರು ಹಿಗ್ಗಿದರು. ಗುಹೆಯೇ ಹಾಳಾಗುವುದೆಂದು ಅನೇಕರು ವಿರೋಧಿಸಿದರು. ಯೋಜನೆ ಕೈಗೂಡಲಿಲ್ಲ.

ಹಾಗಾದರೆ ಊರಿನವರ ಹೊಟ್ಟೆಪಾಡು? ಹಿಂದೆ ಮರ ಕಡಿದು, ಬೇಟೆಯಾಡಿ ಬದುಕುತ್ತಿದ್ದವರಲ್ಲಿ ಹಲವರು ಇಂದು ಪ್ರವಾಸಿಗರ ಹೊರೆಯಾಳುಗಳಾಗಿ ದುಡಿಯುತ್ತಿದ್ದಾರೆ. ಅವರಿಗೆ ಕಾಡಿನ ಒಳದಾರಿಗಳೆಲ್ಲವೂ ಚಿರಪರಿಚಿತ. ಒಂದು ಕಾಲಕ್ಕೆ ಕೊಡಲಿ ಹಿಡಿದು ನಡೆದ ಆ ದಾರಿಗಳಲ್ಲಿಯೇ ಈಗ ಅವರು ಅತಿಥಿಗಳನ್ನು ಕರೆದೊಯ್ಯುತ್ತಾರೆ. ಕಾಡು ಉಳಿದರೆ ತಮ್ಮ ಅನ್ನವೂ ಉಳಿಯುವುದೆಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.